ಬೆಂಕಿಪೊಟ್ಟಣ ಮಾಡಿದ ಬಿರಡೆ

ನನ್ನ ತಂಗಿಯ ಮಗಳಿಗೆ ಒಳ್ಳೆಯ ಹೆಸರೇ ಇದೆ. ಆದರೆ ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಬಿಟ್ಟರೆ ಅದು ಬಳಕೆಗೆ ಬಂದದ್ದು ಕಡಿಮೆ. ಮನೆಯಲ್ಲಿ, ಬೀದಿಯಲ್ಲಿ, ನನ್ನ ಅಂಗಡಿಯಲ್ಲಿ ಅವಳು ಬೆಂಕಿಪೊಟ್ಟಣ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ತೂಕದಲ್ಲಿ ಮೋಸ ಮಾಡುತ್ತಿದ್ದ ಹಳೇ ಪೇಪರಿನವನ ತಕ್ಕಡಿಯನ್ನು ಎತ್ತಿ ಚರಂಡಿಗೆ ಹಾಕಿದಳು. ಅಂದು ಅವಳಪ್ಪ ಇಟ್ಟ ಹೆಸರು ಅದು. ಕೋಪ ಎನ್ನುವುದು ನಿಮಗೆ, ನನಗೆ ಬಂದು ಹೋಗುವ ನೆಂಟ. ಅವಳಿಗೆ ಅದು ಬೀಡುಬಿಟ್ಟ ಬಾಡಿಗೆದಾರ. ಖಾಲಿ ಮಾಡಿಸುವುದು ಇದುವರೆಗೆ ಯಾರ ಕೈಯಲ್ಲೂ ಆಗಿಲ್ಲ.

ನಾನು ಬಾಟಲಿ ವ್ಯಾಪಾರಿ. ಖಾಲಿ ಬಾಟಲಿ, ಡಬ್ಬಿ, ಮುಚ್ಚಳ, ಬೂಚು, ಬಿರಡೆ, ಇಷ್ಟೇ ನನ್ನ ಪ್ರಪಂಚ. ಒಳಗೆ ಏನು ತುಂಬುತ್ತೀರಿ ಎಂದು ಗಿರಾಕಿಯನ್ನು ಕೇಳುವ ಕೆಟ್ಟ ಅಭ್ಯಾಸ ನನಗಿಲ್ಲ; ಬಾಯಿ ಎಷ್ಟು ಅಗಲ ಎಂದಷ್ಟೇ ಕೇಳುತ್ತೇನೆ.

ತಂಗಿಯ ಮನೆ ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಗೆ ಒಂದೇ ಕಿಟಕಿ, ಅದರೆದುರು ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆ ಕೋಣೆಯಲ್ಲಿ ತಂಗಿ ನೆಲದ ಮೇಲೆ ಕೂತು ಶೂಗಳ ಮೇಲ್ಭಾಗಕ್ಕೆ ಅಂಟು ಹಾಕುತ್ತಾಳೆ. ಗುತ್ತಿಗೆದಾರ ಕತ್ತರಿಸಿದ ಚರ್ಮದ ತುಂಡುಗಳನ್ನು ಚೀಲದಲ್ಲಿ ಕಳಿಸುತ್ತಾನೆ. ಅಂಚಿಗೆ ಅಂಟು ಸವರಿ, ಮಡಚಿ, ಒತ್ತಿ ವಾಪಸು ಕೊಡಬೇಕು. ಅಂಟು ಎಂದರೆ ಸೊಲ್ಯೂಷನ್. ಪಂಕ್ಚರ್ ಅಂಗಡಿಯ ಮುಂದೆ ಹೋದರೆ ಮೂಗಿಗೆ ಹೊಡೆಯುತ್ತದಲ್ಲ, ಅದೇ ಜಾತಿಯದು. ದೊಡ್ಡ ಡಬ್ಬಿಯಿಂದ ಅಗಲ ಬಾಯಿಯ ಗಾಜಿನ ಬಾಟಲಿಗೆ ಸುರಿದುಕೊಂಡು, ಬ್ರಷ್ ಅದ್ದಿ ಅದ್ದಿ ಕೆಲಸ. ಬೆಳಿಗ್ಗೆ ಬಾಯಿ ತೆರೆದ ಬಾಟಲಿ ದೀಪ ಹಾಕುವ ಹೊತ್ತಿನವರೆಗೆ ತೆರೆದೇ ಇರುತ್ತದೆ. ಅದರ ಪಕ್ಕದಲ್ಲೇ ತಂಗಿಯ ಗಂಡ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಅವನದು ಗೋದಾಮಿನಲ್ಲಿ ರಾತ್ರಿ ಪಾಳಿಯ ಕಾವಲು.

"ಈ ವಾಸನೆ ಇಲ್ಲದಿದ್ರೆ ನನಗೆ ನಿದ್ದೆನೇ ಹತ್ತಲ್ಲ ಭಾವ" ಎನ್ನುತ್ತಾನೆ. ತಮಾಷೆಗೋ ನಿಜಕ್ಕೋ, ಅವನಿಗೇ ಗೊತ್ತಿರಲಿಕ್ಕಿಲ್ಲ.

ಬೆಂಕಿಪೊಟ್ಟಣಕ್ಕೆ ಆ ವಾಸನೆ ಇದೆ ಎಂದು ಗೊತ್ತಾದದ್ದೇ ಕಾಲೇಜಿಗೆ ಸೇರಿದ ಮೇಲೆ. ವಸ್ತುಗಳ ವಿನ್ಯಾಸ ಕಲಿಸುವ ಕಾಲೇಜು. ಕುರ್ಚಿ ಹೇಗಿರಬೇಕು, ಚಮಚದ ಹಿಡಿ ಹೇಗಿರಬೇಕು ಎಂಬುದನ್ನು ಅಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರಂತೆ. ಪಕ್ಕದಲ್ಲಿ ಕೂತ ಹುಡುಗಿ ಮೊದಲ ವಾರವೇ ಕುರ್ಚಿ ಸ್ವಲ್ಪ ಸರಿಸಿದಳು. ಆಮೇಲೆ ಇನ್ನೂ ಸ್ವಲ್ಪ. ಕೊನೆಗೆ, "ನಿಮ್ಮನೇಲಿ ಪೇಂಟ್ ಮಾಡಿಸ್ತಿದ್ದೀರಾ?" ಎಂದು ಕೇಳಿದಳು. ಇವಳು ಮನೆಗೆ ಬಂದು ಪುಸ್ತಕ ಮೂಸಿದಳು, ಬಟ್ಟೆ ಮೂಸಿದಳು, ಕೂದಲು ಮೂಸಿದಳು. ನಂತರ ಅಮ್ಮನ ಮೇಲೆ ಹರಿಹಾಯ್ದಳು.

"ಬಿಟ್ಟುಬಿಡು ಈ ಕೆಲಸ."

"ಬಿಡ್ತೀನಿ. ನಿನ್ನ ಕಾಲೇಜನ್ನೂ ಬಿಡಿಸ್ತೀನಿ. ಇಬ್ರೂ ಕಿಟಕಿ ಹತ್ರ ಕೂತು ಎದುರುಗೋಡೆ ನೋಡೋಣ" ಎಂದಳು ತಂಗಿ, ಬ್ರಷ್ ನಿಲ್ಲಿಸದೆ. ಮಾತಿನಲ್ಲಿ ಅವಳೂ ಏನು ಕಡಿಮೆಯವಳಲ್ಲ.

ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ. ಒಂದು ದಿನ ತಂಗಿ ಕೆಲಸದಿಂದ ಎದ್ದವಳು ಕಣ್ಣು ಕತ್ತಲೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಬಿದ್ದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಏನು ಕೆಲಸ ಎಂದು ವಿಚಾರಿಸಿ, "ಒಂದೋ ಈ ಕೆಲಸ ಬಿಡಿ, ಇಲ್ಲಾ ಗಾಳಿ ಆಡೋ ಕಡೆ ಕೂತು ಮಾಡಿ. ಹೀಗೇ ಮುಂದುವರಿಸಿದ್ರೆ ಮೆಟ್ಟಿಲು ಹತ್ತೋಕೂ ಉಸಿರು ಉಳಿಯಲ್ಲ" ಎಂದರು. ಮೆಟ್ಟಿಲ ಬಳಿ ಕೂತರೆ ಮನೆ ಮಾಲೀಕ ಎಬ್ಬಿಸುತ್ತಾನೆ. ಬೀದಿಯಲ್ಲಿ ಕೂತರೆ ಅಂಟಿನ ಮೇಲೆ ಧೂಳು. ತಂಗಿ ಮಾರನೇ ದಿನ ಅದೇ ಜಾಗದಲ್ಲಿ, ಅದೇ ಬಾಟಲಿ ತೆರೆದುಕೊಂಡು ಕೂತಳು.

ಅದೇ ಸುಮಾರಿಗೆ ಬೆಂಕಿಪೊಟ್ಟಣ ನನ್ನ ಅಂಗಡಿಗೆ ಬಂದಳು.

"ಮಾವ, ಅಗಲ ಬಾಯಿಂದು ನಾಲ್ಕೈದು ಬಾಟಲಿ ಕೊಡು. ಕಾಲೇಜಲ್ಲಿ ಪ್ರಾಜೆಕ್ಟು. ಮನೇಲಿರೋ ಒಂದು ಬಾಟಲಿಗೆ ಹೊಸ ಬಿರಡೆ ಮಾಡ್ಬೇಕು."

"ಬಿರಡೆ ಮಾಡೋದು ಕಲಿಸೋಕೂ ಕಾಲೇಜಾ? ನನ್ನ ಹತ್ರ ಮೂಟೆಗಟ್ಟಲೆ ಬಿದ್ದಿದೆ. ಒಂದು ತಗೊಂಡು ಹೋಗಿ ತೋರಿಸು, ಪಾಸ್ ಮಾಡ್ತಾರೆ."

"ನಿನ್ನ ಮೂಟೇಲಿರೋದನ್ನ ಅಮ್ಮ ಒಂದಾದ್ರೂ ಹಾಕ್ತಾಳಾ?"

ಹಾಕುವುದಿಲ್ಲ. ಕೊಟ್ಟು ಕೊಟ್ಟು ನನಗೇ ಸಾಕಾಗಿತ್ತು. ತಿರುಪಿನ ಮುಚ್ಚಳ ಕೊಟ್ಟರೆ ತಿರುಪಿಗೆ ಅಂಟು ಮೆತ್ತಿಕೊಂಡು ಮಾರನೇ ದಿನ ಇಕ್ಕಳ ಬೇಕು. ಬೂಚು ಕೊಟ್ಟರೆ ಅದು ಪುಡಿಪುಡಿಯಾಗಿ ಅಂಟಿನೊಳಗೆ ಬೀಳುತ್ತದೆ. ಅವಳು ಅವನ್ನೆಲ್ಲ ಮೂಲೆಗೆಸೆದು, ರಾತ್ರಿ ಹೊತ್ತು ಮಾತ್ರ ಗಂಡನ ಹಳೇ ಕಾಲುಚೀಲ ತುರುಕುತ್ತಾಳೆ.

ಕಾಲೇಜಿನಲ್ಲಿ ಅಂಟಿನ ಬಾಟಲಿ ಎಂದು ಹೇಳಿದೊಡನೆ ಮೊದಲ ಜಗಳ. ಈ ಪಾಠ ಹೇಳುವ ಮೇಡಂಗೆ ಅರ್ಧ ಮುಖ ಮುಚ್ಚುವ ಕನ್ನಡಕ. ನಮ್ಮ ಮನೆಯಲ್ಲಿ ಅವರ ಹೆಸರು ದೊಡ್ಡಕನ್ನಡಕ. ಬೆಂಕಿಪೊಟ್ಟಣ ಅವರ ದನಿ ತೆಗೆದು ನನಗೆ ಅಭಿನಯಿಸಿ ತೋರಿಸಿದಳು. "ಅಂಟು ಯಾಕಮ್ಮ? ಅದ್ರಲ್ಲಿ ಸೌಂದರ್ಯ ಎಲ್ಲಿದೆ? ಸುಗಂಧದ ಬಾಟಲಿ ತಗೋ. ಎಣ್ಣೆ ಬಾಟಲಿ ತಗೋ." ಇವಳು, "ನಮ್ಮನೇಲಿ ಸುಗಂಧ ಇಲ್ಲ ಮೇಡಂ, ಇದ್ದಿದ್ರೆ ಈ ಪ್ರಾಜೆಕ್ಟೇ ಬೇಕಿರ್ಲಿಲ್ಲ" ಎಂದಳಂತೆ. ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಅಂಟು, ಥಿನ್ನರು, ಇಂಥ ಯಾವ ಕೆಮಿಕಲ್ಲೂ ಕಾಲೇಜಿನ ಬಾಗಿಲು ದಾಟಬಾರದು. ಎಲ್ಲ ಪರೀಕ್ಷೆಯೂ ನೀರಿನಲ್ಲೇ. ಅದೂ ಬರೀ ನೀರಲ್ಲ, ನೀಲಿ ಬಣ್ಣ ಹಾಕಿದ ನೀರು. ಫೋಟೊದಲ್ಲಿ ಚೆನ್ನಾಗಿ ಬರುತ್ತದೆ ಎಂದು ಆ ಕಾಲೇಜಿನಲ್ಲಿ ಎಲ್ಲ ಬಾಟಲಿಗೂ ನೀಲಿ ನೀರು ತುಂಬುವುದು ರೂಢಿ.

ಮೊದಲ ಬಿರಡೆ ಸಾಬೂನಿನದು. ತಂಗಿ ಬಟ್ಟೆ ಒಗೆಯಲು ಹೋದರೆ ಸಾಬೂನಿಲ್ಲ; ನೋಡಿದರೆ ಮಗಳು ಅದನ್ನು ಕೆತ್ತಿ ಬಾಟಲಿಯ ಬಾಯಿಗಿಟ್ಟು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಾಳೆ. ಆಮೇಲೆ ಮರದ್ದು, ಆಮೇಲೆ ಪ್ಲಾಸ್ಟರಿನದು. ಕೊನೆಗೆ ಅಚ್ಚು ಮಾಡಿ ಸಿಲಿಕೋನ್ ಸುರಿದು ಒಂದು ಮೆತ್ತನೆಯ ಬಿರಡೆ ಮಾಡಿದಳು. ನಸುಗುಲಾಬಿ ಬಣ್ಣ, ಹಿಡಿಯಲು ಕಿವಿಯಂಥ ಎರಡು ತುದಿ. ಒತ್ತಿದರೆ ಬಾಟಲಿಗೆ ಮುತ್ತಿಟ್ಟ ಹಾಗೆ ಕೂರುತ್ತಿತ್ತು. ತರಗತಿಯಲ್ಲಿ ನೀಲಿ ನೀರಿನ ಬಾಟಲಿಯನ್ನು ತಲೆಕೆಳಗು ಮಾಡಿ ದೊಡ್ಡಕನ್ನಡಕದ ಮೇಜಿನ ಮೇಲೇ ಹಿಡಿದಳು. ಒಂದು ಹನಿ ಬೀಳಲಿಲ್ಲ. ಚಪ್ಪಾಳೆಯಾಯಿತು.

ಅಂದು ಸಂಜೆ ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆಗೆ ಹೋಗಿ, ಕಾಲುಚೀಲ ಕಿತ್ತೆಸೆದು, ಅಮ್ಮನ ಬಾಟಲಿಗೆ ಆ ಗುಲಾಬಿ ಬಿರಡೆ ಒತ್ತಿದಳು. ತಂಗಿ, "ನಾಳೆ ಗುತ್ತಿಗೆದಾರ ಬರೋವಾಗ ಚೀಲ ರೆಡಿ ಇರ್ಬೇಕು, ಆಟ ಆಡ್ಬೇಡ" ಎಂದಳು. ಮಗಳು ಕೇಳಲಿಲ್ಲ.

ಬೆಳಿಗ್ಗೆ ನೋಡಿದರೆ ಬಿರಡೆ ಕಪ್ಪೆಯ ಹಾಗೆ ಊದಿಕೊಂಡು ಕೂತಿದೆ. ಅಂಟಿನ ಆವಿ ಸಿಲಿಕೋನಿಗೆ ಏನು ಮಾಡುತ್ತದೆ ಎಂಬುದು ನೀಲಿ ನೀರಿಗೆ ಹೇಗೆ ಗೊತ್ತಿರಬೇಕು? ಎಳೆದರೆ ಬರದು, ತಿರುಗಿಸಿದರೆ ತಿರುಗದು, ಕಿವಿಗಳೆರಡೂ ಕೈಗೆ ಕಿತ್ತು ಬಂದವು. ಗುತ್ತಿಗೆದಾರನ ಗಾಡಿ ಬರುವ ಹೊತ್ತು. ತಂಗಿ ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಜಗ್ಗಿದಳು. ಬಿರಡೆ ಬರುವ ಬದಲು ಬಾಟಲಿಯ ಕತ್ತೇ ಮುರಿದು ಬಂತು. ಅಂಗೈ ಸೀಳಿತು. ಅಂಟೆಲ್ಲ ಸಿದ್ಧವಾಗಿದ್ದ ಚರ್ಮದ ರಾಶಿಯ ಮೇಲೆ ಹರಿಯಿತು. ಗುತ್ತಿಗೆದಾರ ಬಂದವನು ರಾಶಿಯನ್ನು ಕಾಲಿನಿಂದ ಸರಿಸಿ ನೋಡಿ ಹೋದ. ಮುಂದಿನ ವಾರ ಚೀಲ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ.

ತಂಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಮಗಳ ಜೊತೆ ಮಾತು ಬಿಟ್ಟಳು. ಒಂದೇ ಕೋಣೆಯಲ್ಲಿ ಮಾತು ಬಿಡುವುದು ಸುಲಭದ ಕೆಲಸವಲ್ಲ, ಅದಕ್ಕೂ ಒಬ್ಬ ದಲ್ಲಾಳಿ ಬೇಕು. ಹೋದಾಗಲೆಲ್ಲ ಆ ಕೆಲಸ ನನ್ನ ತಲೆಗೆ ಬರುತ್ತಿತ್ತು.

"ಅಣ್ಣ, ನಿನ್ನ ಸೊಸೆಗೆ ಹೇಳು, ನನ್ನ ಬಾಟಲಿ ಮುಟ್ಟಕೂಡದು."

"ಮಾವ, ನಿನ್ನ ತಂಗಿಗೆ ಹೇಳು, ಮುಟ್ಟೇ ಮುಟ್ತೀನಿ."

"ನೋಡು, ಕೈಗೆ ಹೊಲಿಗೆ ಹಾಕಿಸಿಕೊಂಡಿದ್ದು ನಾನು. ಕೋಪ ಯಾರಿಗೆ ನೋಡು."

"ನಾನು ಅವಳ ಮೇಲೆ ಕೋಪ ಮಾಡ್ಕೊಂಡಿಲ್ಲ ಅಂತ ಹೇಳು ಮಾವ."

"ಹಾಗಾದ್ರೆ ಯಾರ ಮೇಲಂತೆ?"

ಬೆಂಕಿಪೊಟ್ಟಣ ಗೋಡೆಗೆ ತಿರುಗಿದಳು. ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಯಾರ ಮೇಲೆ ಎಂದು ನನಗೆ ಗೊತ್ತಿತ್ತು: ಹುಟ್ಟಿದಾಗಿನಿಂದ ಈ ಅಂಟಿನ ಪಕ್ಕದಲ್ಲೇ ಮಲಗಿ ಎದ್ದವಳು, ಅದನ್ನು ನೀರು ಎಂದುಕೊಂಡು ಬಿರಡೆ ಮಾಡಿದ್ದಳಲ್ಲ, ಆ ಹುಡುಗಿಯ ಮೇಲೆ.

ಆಮೇಲೆ ಪರೀಕ್ಷೆಗಳೆಲ್ಲ ನನ್ನ ಅಂಗಡಿಯ ಹಿತ್ತಿಲಿಗೆ ಬಂದವು. ಸಾಲಾಗಿ ಬಾಟಲಿಗಳು, ಎಲ್ಲದರಲ್ಲೂ ಅಂಟು, ಅದರಲ್ಲಿ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಮುಳುಗಿಸಿದಳು: ರಬ್ಬರು, ಚರ್ಮ, ಪೈಪಿನ ಚೂರು, ಬಟನ್ನು, ಹಳೇ ಬಾಚಣಿಗೆ, ನನ್ನ ಕ್ಯಾಲ್ಕುಲೇಟರಿನ ಹಿಂಬದಿಯ ಮುಚ್ಚಳ. ಕೇಳಿ ತೆಗೆದುಕೊಳ್ಳುವ ಪದ್ಧತಿ ಅವಳಿಗಿಲ್ಲ. ಕೆಲವು ಊದಿದವು, ಕೆಲವು ಕರಗಿ ಲೋಳೆಯಾದವು. ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳು ಮೂಗು ಮುಚ್ಚಿಕೊಂಡು ಎದುರಂಗಡಿಗೆ ಹೋಗತೊಡಗಿದರು. ನನಗೆ ತಲೆ ಸಿಡಿಯುತ್ತಿತ್ತು, ನಾಲಿಗೆಗೆ ತಗಡು ನೆಕ್ಕಿದ ರುಚಿ. ಬೈಯಬೇಕೆಂದು ಹಿತ್ತಿಲಿಗೆ ಹೋದೆ.

"ಎತ್ತಾಕು ಇದನ್ನೆಲ್ಲ. ಒಂದು ದಿನಕ್ಕೇ ನನಗೆ ವಾಂತಿ ಬರೋ ಹಾಗಾಗಿದೆ."

"ಒಂದು ದಿನಕ್ಕಾ?" ಎಂದಳು. ಅಷ್ಟೇ ಎಂದದ್ದು. ನಾನು ಬಂದ ದಾರಿಯಲ್ಲೇ ವಾಪಸು ಹೋಗಿ ಗಲ್ಲಾದ ಮುಂದೆ ಕೂತೆ.

ಅಂಟು ಹತ್ತದೆ, ಊದದೆ, ಹಾಕಿದ ಹಾಗೇ ಎದ್ದು ಬಂದದ್ದು ಒಂದೇ: ಪಕ್ಕದ ಮಾಂಸದಂಗಡಿಯವನು ಸವೆದುಹೋಯಿತೆಂದು ಹೊರಗೆಸೆದಿದ್ದ ಬಿಳಿ ಪ್ಲಾಸ್ಟಿಕ್ ಕೊಚ್ಚುಹಲಗೆಯ ತುಂಡು. ಅದರ ಮೇಲಿನ ಅಂಟನ್ನು ಅವಳು ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆಯ ಹಾಗೆ ಸುಲಿದು ಬಂತು. ನಗಬಹುದಿತ್ತು. ನಗಲಿಲ್ಲ. "ಬಿರಡೆ ಸಿಕ್ಕಿದ್ದಲ್ಲ ಮಾವ, ಪ್ಲಾಸ್ಟಿಕ್ ಸಿಕ್ಕಿದ್ದು" ಎಂದಳು.

ಅಷ್ಟರಲ್ಲಿ ಗುತ್ತಿಗೆದಾರನಿಗೆ ಬೇರೆ ಕೈ ಸಿಗದೆ ಚೀಲ ಮತ್ತೆ ಬರತೊಡಗಿತ್ತು. ಬೆಂಕಿಪೊಟ್ಟಣ ಅಮ್ಮನ ಎದುರು ಗೋಡೆಗೊರಗಿ ಕೂತು ಸುಮ್ಮನೆ ನೋಡತೊಡಗಿದಳು. ತಂಗಿ ನನ್ನ ಕಡೆ ತಿರುಗಿ, "ಅಣ್ಣ, ಕೇಳು, ಸಿನಿಮಾ ನಡೀತಿದ್ಯಾ ಇಲ್ಲಿ ಅಂತ" ಎಂದಳು. ಸಿನಿಮಾ ನಡೆಯಿತು. ಮಗಳು ಕಂಡದ್ದು ಇಷ್ಟು: ಅಮ್ಮನ ಎಡಗೈಯಲ್ಲಿ ಯಾವಾಗಲೂ ಅಂಟು ಸವರಿದ ಚರ್ಮ. ಅದನ್ನು ಕೆಳಗಿಡುವಂತಿಲ್ಲ, ಇಟ್ಟರೆ ಇಟ್ಟಲ್ಲೇ ಅಂಟುತ್ತದೆ. ಉಳಿದದ್ದು ಬಲಗೈ, ಅದರಲ್ಲಿ ಬ್ರಷ್. ಮುಚ್ಚಳ ಹಾಕಬೇಕೆಂದರೆ ಮೂರನೇ ಕೈ ಬೇಕು. ಅಮ್ಮನದು ಸೋಮಾರಿತನ ಎಂದುಕೊಂಡಿದ್ದಳು, ನಾನೂ ಎಂದುಕೊಂಡಿದ್ದೆ. ಅದಿರಲಿ, ಬಲಗೈ ಒಂದು ಕೆಲಸವನ್ನಂತೂ ತಪ್ಪದೆ ಮಾಡುತ್ತಿತ್ತು: ಸವರಿ ಮುಗಿದ ಕೂಡಲೇ ಬ್ರಷ್ಷನ್ನು ಬಾಟಲಿಯೊಳಗೆ ಬಿಡುತ್ತಿತ್ತು. ನೋಡುವುದೂ ಇಲ್ಲ, ಬಿಟ್ಟುಬಿಡುವುದು ಅಷ್ಟೆ.

ಹಾಗಾದರೆ ಬಿರಡೆ ಬ್ರಷ್ಷಿನ ಮೇಲೇ ಇರಬೇಕು.

ಕೊಚ್ಚುಹಲಗೆಯ ತುಂಡನ್ನು ಕಾಲೇಜಿನ ಲೇತಿನಲ್ಲಿ ಬುಗುರಿಯ ಆಕಾರಕ್ಕೆ ಕಡೆದಳು. ನಡುವೆ ತೂತು ಕೊರೆದು ಬ್ರಷ್ಷಿನ ಹಿಡಿ ತೂರಿಸಿದಳು, ತಲೆಯೊಳಗೆ ತೂಕಕ್ಕೆ ಒಂದು ಕಬ್ಬಿಣದ ನಟ್ಟು ಕೂರಿಸಿದಳು. ಬ್ರಷ್ ಬಿಟ್ಟರೆ ಬುಗುರಿ ತನ್ನ ಭಾರಕ್ಕೇ ಬಾಟಲಿಯ ಬಾಯಲ್ಲಿ ಕೂರುತ್ತದೆ, ಒತ್ತಬೇಕಿಲ್ಲ, ತಿರುಗಿಸಬೇಕಿಲ್ಲ. ಆದರೆ ಬಾಟಲಿಯ ಬಾಯಿ ಎನ್ನುವುದು ನೋಡಲು ದುಂಡಗೆ, ಮುಟ್ಟಿದರೆ ಏರುತಗ್ಗು. ಸಂದಿಯಲ್ಲಿ ವಾಸನೆ ಬರುತ್ತಲೇ ಇತ್ತು. ಒಂದು ಬಿಸಾಡಿದಳು, ಇನ್ನೊಂದು ಮಾಡಿದಳು, ಅದನ್ನೂ ಬಿಸಾಡಿದಳು. ಒಂದಂತೂ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹೋಯಿತು. ಕಡೆಗೆ ಮರಳುಪುಡಿಗೆ ಎಣ್ಣೆ ಕಲಸಿ ಬಾಯಿಗೆ ಸವರಿ, ಬುಗುರಿಯನ್ನು ಅದೇ ಬಾಯಲ್ಲಿಟ್ಟು ಗರಗರ ತಿರುಗಿಸಿ, ಗಾಜೂ ಪ್ಲಾಸ್ಟಿಕ್ಕೂ ಒಂದನ್ನೊಂದು ಸವೆಸಿಕೊಂಡು ಒಂದಾಗುವವರೆಗೆ ತೀಡಿದಳು. ಅದಾದ ಮೇಲೆ ಆ ಬುಗುರಿ ಆ ಬಾಟಲಿಗೆ ಮಾತ್ರ. ಬೇರೆ ಬಾಟಲಿಯ ಮೇಲಿಟ್ಟರೆ ಕುಣಿಯುತ್ತದೆ.

"ಒಂದಕ್ಕೆ ಒಂದೇ ಅಂದ್ರೆ ನಾನು ಮಾರೋದು ಹೇಗೆ?" ಎಂದೆ.

"ನೀನು ಮಾರು ಅಂತ ಯಾರು ಕೇಳಿದ್ರು?"

ಬುಗುರಿ ಹಾಕಿದ ಬಾಟಲಿಯನ್ನು ಒಂದು ಬೆಳಿಗ್ಗೆ ತಂಗಿಯ ಹಳೇ ಬಾಟಲಿಯ ಜಾಗದಲ್ಲಿಟ್ಟು, ಮಾತಾಡದೆ ಕಾಲೇಜಿಗೆ ಹೋದಳು. ತಂಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬೈಯಲು ಬಾಯಿ ತೆರೆದಳು. ಆದರೆ ಎಡಗೈಯಲ್ಲಿ ಚರ್ಮ, ಬಲಗೈಯಲ್ಲಿ ಬ್ರಷ್. ಸವರಿದಳು, ಬಿಟ್ಟಳು. ಟಕ್ ಎಂದಿತು. ಮತ್ತೆ ತೆಗೆದಳು, ಸವರಿದಳು, ಬಿಟ್ಟಳು. ಟಕ್. ನಾನು ಹೊರಡುವವರೆಗೂ ಆ ಟಕ್ ನಿಲ್ಲಲಿಲ್ಲ. ತಿಂಗಳು ಕಳೆಯುವುದರೊಳಗೆ ತಂಗಿ ನನ್ನ ಅಂಗಡಿಯವರೆಗೆ ನಡೆದು ಬಂದು, ನಡುವೆ ಎಲ್ಲೂ ಕೂರದೆ, ನನ್ನ ಜೊತೆ ಜಗಳವನ್ನೂ ಆಡಿ ಹೋದಳು.

ಕಾಲೇಜಿನ ಕೊನೆಯ ಪರೀಕ್ಷೆಗೆ ಉದ್ಯಮದವರೊಬ್ಬರು ಬೇಕಿತ್ತಂತೆ. ಬೆಂಕಿಪೊಟ್ಟಣ ನನ್ನ ಹೆಸರು ಬರೆಸಿದಳು. ಮುಚ್ಚಿದ ಎಸಿ ಕೋಣೆ, ಉದ್ದ ಮೇಜು, ದೊಡ್ಡಕನ್ನಡಕ, ಹೊರಗಿನಿಂದ ಬಂದ ಇಬ್ಬರು ದೊಡ್ಡ ಮನುಷ್ಯರು, ತುದಿಯಲ್ಲಿ "ಪ್ಯಾಕೇಜಿಂಗ್ ಉದ್ಯಮಿ" ಎಂಬ ಚೀಟಿಯ ಹಿಂದೆ ನಾನು. ಉಳಿದ ಮಕ್ಕಳು ಹಕ್ಕಿಯಂಥ ಬಿರಡೆ, ಹೂವಿನಂಥ ಬಿರಡೆ ತೋರಿಸಿ ಹೋದರು. ಇವಳು ಬಂದು ಚೀಲದಿಂದ ಅಮ್ಮನ ಬಾಟಲಿ ತೆಗೆದು, ಬಾಯಿ ತೆರೆದು ಮೇಜಿನ ಮೇಲಿಟ್ಟಳು. ಅದರಲ್ಲಿ ನೀಲಿ ನೀರಿರಲಿಲ್ಲ.

"ಕೆಮಿಕಲ್ ತರಬಾರದು ಅಂತ ಹೇಳಿರ್ಲಿಲ್ವಾ?" ಎಂದರು ದೊಡ್ಡಕನ್ನಡಕ. "ಮೊದಲು ಮುಚ್ಚಮ್ಮ ಅದನ್ನ."

"ಹೇಳಿ ಮುಗಿಸಿ ಮುಚ್ತೀನಿ ಮೇಡಂ. ನಮ್ಮನೇಲೂ ಕೆಲಸ ಮುಗಿದ್ಮೇಲೇ ಮುಚ್ತಾ ಇದ್ದಿದ್ದು."

ಸಾಮಾನ್ಯವಾಗಿ ಬಾಯಿಗೆ ಬಂದದ್ದನ್ನು ಪಟಪಟ ಸಿಡಿಸುವ ಹುಡುಗಿ ಅಂದು ಎಷ್ಟು ನಿಧಾನವಾಗಿ ಮಾತಾಡಿದಳೆಂದರೆ, ಬೇಕೆಂದೇ ಎಂದು ನನಗೆ ಖಚಿತವಾಯಿತು. ಸಾಬೂನಿನ ಬಿರಡೆಯಿಂದ ಶುರುಮಾಡಿದಳು. ಒಬ್ಬರು ಕರವಸ್ತ್ರ ತೆಗೆದರು. ಇನ್ನೊಬ್ಬರು ಕಿಟಕಿ ತೆಗೆಯಲು ಹೇಳಿದರು. ಬಾಗಿಲ ಬಳಿಯಿದ್ದ ಜವಾನ, "ಈ ಕಿಟಕಿ ತೆಗೆಯೋಕೆ ಬರಲ್ಲ ಸರ್" ಎಂದ.

"ನಮ್ಮನೇದು ಬರುತ್ತೆ" ಎಂದಳು ಬೆಂಕಿಪೊಟ್ಟಣ. "ಎದುರಿಗೆ ಗೋಡೆ ಇದೆ, ಅಷ್ಟೆ."

"ಏನಮ್ಮ, ನಮ್ಮನ್ನ ಹೆದರಿಸ್ತಾ ಇದೀಯಾ?" ಎಂದರು ಕರವಸ್ತ್ರದವರು, ಅದರೊಳಗಿಂದಲೇ.

"ಇಲ್ಲ ಸರ್. ಪರೀಕ್ಷೆ ಮಾಡಿ ತೋರಿಸ್ತಿದ್ದೀನಿ. ಹೋದ ಸಲ ನೀಲಿ ನೀರಲ್ಲಿ ತೋರಿಸಿದೆ, ಎಲ್ರೂ ಚಪ್ಪಾಳೆ ತಟ್ಟಿದ್ರು. ಆ ಬಿರಡೆ ನಮ್ಮಮ್ಮನ ಅಂಗೈ ಕುಯ್ದಿದೆ. ನೀವು ಇಲ್ಲಿ ಕೂತು ಇನ್ನೂ ಕಾಫಿ ತಣ್ಣಗಾಗೋ ಅಷ್ಟೂ ಹೊತ್ತಾಗಿಲ್ಲ. ಅವಳು ಇಡೀ ದಿನ ಕೂರ್ತಾಳೆ. ಇನ್ನು ನನ್ನ ಬಿರಡೆ ನೋಡಿ."

ಬ್ರಷ್ ಕೈಬಿಟ್ಟಳು. ಟಕ್.

ಪಾಸು ಮಾಡಿದರು. ಪಾಸು ಮಾಡಿದ್ದು ಬೇಗ ಹೊರಗೆ ಹೋಗಬೇಕೆಂದೋ, ಬಿರಡೆ ಮೆಚ್ಚಿಯೋ ಗೊತ್ತಿಲ್ಲ. ಮೆಚ್ಚಿರಬೇಕು, ಯಾಕೆಂದರೆ ವರ್ಷದ ಪ್ರದರ್ಶನಕ್ಕೆ ಅದನ್ನೇ ಆರಿಸಿ, ಅಲ್ಲೇ ಇಟ್ಟುಕೊಂಡರು. ಬಾಟಲಿಯನ್ನು ಮಾತ್ರ ಕೆಮಿಕಲ್ ಎಂದು ಮನೆಗೆ ಕಳಿಸಿದರು.

"ಅದು ಅಮ್ಮಂದು ಮೇಡಂ, ದಿನಾ ಬೇಕು" ಎಂದಳು ಇವಳು.

"ಇನ್ನೊಂದು ಮಾಡ್ಕೊಡು. ನಿನಗೇನು ಕಷ್ಟ, ಮಾಡೋದು ಗೊತ್ತಲ್ಲ" ಎಂದರು ದೊಡ್ಡಕನ್ನಡಕ. ಪ್ರದರ್ಶನದ ತಯಾರಿಗೆಂದು ಮಾರನೇ ದಿನದಿಂದ ಲೇತಿನ ಕೋಣೆಗೆ ಬೀಗ ಹಾಕಿದವರೂ ಅವರೇ.

ಬಾಟಲಿಗೆ ಮತ್ತೆ ಕಾಲುಚೀಲ ಬಂತು. ತಂಗಿ ಕೆಮ್ಮಿಕೊಂಡು ನನ್ನ ಅಂಗಡಿಗೆ ಬಂದಳು, ನಡುವೆ ಎದುರಂಗಡಿಯ ಕಟ್ಟೆಯ ಮೇಲೆ ಒಮ್ಮೆ ಕೂತು.

"ಅಣ್ಣ, ಆ ಬಿಳಿ ಬುಗುರಿ ಎಲ್ಲಿ ಅಂತ ನಿನ್ನ ಸೊಸೆನ ಕೇಳು. ನಾನು ಕೇಳಲ್ಲ."

"ಪ್ರದರ್ಶನಕ್ಕೆ ಇಟ್ಕೊಂಡಿದ್ದಾರಂತೆ."

"ಏನು ಪ್ರದರ್ಶನ? ಯಾರು ಅಂಟು ಹಾಕ್ತಾರೆ ಅಲ್ಲಿ?"

ಈ ಪ್ರಶ್ನೆಯನ್ನು ನಾನು ಹಾಗೇ ಮುಟ್ಟಿಸಿದೆ. ಬೆಂಕಿಪೊಟ್ಟಣ ಚಪ್ಪಲಿ ಮೆಟ್ಟಿದಳು. ಇವಳೊಬ್ಬಳನ್ನೇ ಬಿಟ್ಟರೆ ತಕ್ಕಡಿ ಚರಂಡಿಗೆ ಹೋಗುತ್ತದೆ ಎಂದು ನಾನೂ ಹಿಂದೆ ಹೋದೆ.

ಪ್ರದರ್ಶನದ ಕೋಣೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಪೀಠ, ಮೇಲೆ ದೀಪ. ಪೀಠದ ಮೇಲೆ ನೀಳ ಕತ್ತಿನ ಒಂದು ಚಂದದ ಬಾಟಲಿ, ಒಳಗೆ ನೀಲಿ ನೀರು. ಅದರ ಮೇಲೆ ನಮ್ಮ ಬುಗುರಿ, ಆದರೆ ಬಂಗಾರದ ಬಣ್ಣದಲ್ಲಿ. ಬಣ್ಣ ಬಳಿದಿದ್ದರು. ಆ ಬಾಯಿಗೆ ಕೂರದೆ ಕುಣಿಯುತ್ತದಲ್ಲ, ಅದಕ್ಕೆ ಅಂಟು ಪಟ್ಟಿ ಹಚ್ಚಿ ಕೂರಿಸಿದ್ದರು. ಬ್ರಷ್ಷಿನ ಹಿಡಿ ಅಸಹ್ಯವೆಂದು ಕತ್ತರಿಸಿದ್ದರು. ಸುತ್ತ ನಾಲ್ಕು ಜನ ನಿಂತು ಮೆಚ್ಚುತ್ತಿದ್ದರು. ಏನನ್ನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೆಂಕಿಪೊಟ್ಟಣ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಎಡಗೈಯಲ್ಲಿ ಬಾಟಲಿಯ ಕತ್ತು ಹಿಡಿದು, ಬಲಗೈಯಲ್ಲಿ 'ಚರಕ್' ಎಂದು ಬುಗುರಿ ಕಿತ್ತಳು. ನೀಲಿ ನೀರು ಬಿಳಿ ಬಟ್ಟೆಯ ಮೇಲೆ ಚೆಲ್ಲಿತು.

"ಏನು ಮಾಡ್ತಿದೀಯಾ, ಅದು ಕಾಲೇಜಿನ ಸ್ವತ್ತು" ಎನ್ನುತ್ತ ದೊಡ್ಡಕನ್ನಡಕ ಓಡಿ ಬಂದರು.

"ಬಣ್ಣ ಕಾಲೇಜಿಂದು ಮೇಡಂ. ಕೆರೆದು ಕಳಿಸ್ತೀನಿ."

"ಇನ್ನು ವರ್ಕ್‌ಶಾಪಿನ ಹೊಸ್ತಿಲು ತುಳೀಬೇಡ. ಮಾರ್ಕ್ಸ್ ಹೇಗೆ ಉಳಿಯುತ್ತೆ ನೋಡ್ತೀನಿ."

ಇವಳು ತಿರುಗಿಯೂ ನೋಡಲಿಲ್ಲ. ನಾನು ಮಾತ್ರ ಉದ್ಯಮಿಯಾದ್ದರಿಂದ ದೊಡ್ಡಕನ್ನಡಕಕ್ಕೆ ಕೈಮುಗಿದು ಹೊರಬಿದ್ದೆ.

ಮನೆಯಲ್ಲಿ ತಂಗಿ ಕೆಲಸದಲ್ಲಿದ್ದಳು. ಬಾಟಲಿ ತೆರೆದಿತ್ತು, ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಗಳು ಬುಗುರಿಯನ್ನು ಅವಳ ಮುಂದೆ ನೆಲದ ಮೇಲಿಟ್ಟಳು. ತಂಗಿ ಅದನ್ನು ಎತ್ತಿ ಬಾಟಲಿಯ ಮೇಲಿಟ್ಟು ನೋಡಿದಳು. ಕೂರಲಿಲ್ಲ; ಬಣ್ಣ ದಪ್ಪವಾಗಿತ್ತು. ಇನ್ನೊಮ್ಮೆ ಇಟ್ಟಳು. ಕತ್ತರಿಸಿದ ಹಿಡಿಯ ತುದಿಯನ್ನು ಬೆರಳಿನಿಂದ ಸವರಿದಳು. ಅವಳ ಮುಖ ಕೆಂಪಾಗುವುದನ್ನು ನಾನು ಬಹಳ ವರ್ಷಗಳ ಮೇಲೆ ನೋಡಿದೆ. ದಲ್ಲಾಳಿಯ ಕೆಲಸಕ್ಕೆ ಸಿದ್ಧನಾಗಿ ಕೂತೆ, ಆದರೆ ಅವಳು ನನ್ನ ಕಡೆ ತಿರುಗಲಿಲ್ಲ. ಮಗಳ ಮುಖವನ್ನೇ ನೋಡಿ ಕೇಳಿದಳು:

"ಯಾರೇ ಬಳಿದಿದ್ದು ಇದನ್ನ?"

"ಮೇಡಂ."

"ಕೈಗೆ ಕೆಲಸ ಇಲ್ವಾ ಅವಳಿಗೆ? ತಗೊಂಬಾ ಆ ಬ್ಲೇಡು."

ಇಬ್ಬರೂ ಎದುರುಬದುರು ಕೂತು ಕೆರೆಯತೊಡಗಿದರು. ತಂಗಿ ಬಟ್ಟೆಗೆ ಥಿನ್ನರ್ ಹಚ್ಚಿ ಉಜ್ಜಿದಳು, ಮಗಳು ಬ್ಲೇಡಿನಿಂದ ಸುಲಿದಳು. ಬಂಗಾರ ಚೂರುಚೂರಾಗಿ ಚಾಪೆಯ ಮೇಲೆ ಬಿತ್ತು. ಹೊಸ ಬ್ರಷ್ ತೂರಿಸಿ, ಎಣ್ಣೆ ಮರಳು ಹಾಕಿ ಮತ್ತೊಮ್ಮೆ ತೀಡಿದರು. ಅಷ್ಟೂ ಹೊತ್ತು ಮಾತು ನಿಲ್ಲಲಿಲ್ಲ, ಎಲ್ಲ ಬೈಗುಳವೇ: ಬಣ್ಣಕ್ಕೆ, ಬಾಟಲಿಗೆ, ಬಾಯಿ ಬಡಕಿ ಮಗಳಿಗೆ, ಬಾಯಿ ಬಿಡದ ಅಮ್ಮನಿಗೆ, ನಡುವೆ ಕೂತು ನೋಡುತ್ತಿದ್ದ ನನಗೆ. ಕೊನೆಗೆ ತಂಗಿ ಚರ್ಮ ಎತ್ತಿಕೊಂಡು ಸವರಿದಳು, ಬ್ರಷ್ ಬಿಟ್ಟಳು. ಟಕ್.

ಸ್ವಲ್ಪ ಹೊತ್ತಿಗೆ ತಂಗಿಯ ಗಂಡ ಮಗ್ಗುಲು ಬದಲಿಸಿ, "ಯಾಕೋ ನಿದ್ದೆ ಹತ್ತುತಾ ಇಲ್ಲ" ಎಂದ.

"ನಾಳೆ ದೊಡ್ಡ ಡಬ್ಬಿಗೂ ಒಂದು ಮಾಡು" ಎಂದಳು ತಂಗಿ.

"ಲೇತ್ ಮುಟ್ಟೋ ಹಾಗಿಲ್ಲ ನಾನು. ಹೊಸ್ತಿಲು ತುಳೀಬೇಡ ಅಂದಿದ್ದಾರೆ. ಮಾರ್ಕ್ಸೂ ತೆಗೀತಾರಂತೆ."

ತಂಗಿಯ ಕೈ ನಿಂತಿತು. ಬೆಂಕಿ ಆ ಮನೆಗೆ ಯಾವ ಕಡೆಯಿಂದ ಬಂದದ್ದೆಂದು ಒಡಹುಟ್ಟಿದ ನನಗೆ ಗೊತ್ತಿತ್ತು. ಕಾಲೇಜಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ತಾಳೆ ನಿಮ್ಮ ಮೇಡಂ?" ಎಂದಳು. "ನಾನೂ ಬರ್ತೀನಿ. ಬಾಟಲಿ ತಗೊಂಡು ಬರ್ತೀನಿ. ಬಿರಡೆ ಮನೇಲೇ ಇರ್ಲಿ."